ವಾಚಿನೊಳಗಿನ ಕೆಂಪು ಕಲ್ಲು ನಿಜವಾದ ಮಾಣಿಕ್ಯವೇ?

ಪ್ರಶ್ನೆ: ಅಜ್ಜನ ಎಚ್‌ಎಂಟಿ ಕೈಗಡಿಯಾರದ ಮೇಲೆ ‘17 ಜ್ಯುವೆಲ್ಸ್’ ಎಂದಿದೆ. ಆ ಕಲ್ಲುಗಳಿಗೆ ಬೆಲೆ ಬರುತ್ತದೆಯೇ?

ವಾಚು ರಿಪೇರಿಯವನು: ಕಲ್ಲಿನ ಆಸೆಗೆ ವಾಚು ಬಿಚ್ಚಬೇಡಿ ಮಾರಾಯರೇ! ಮಾಣಿಕ್ಯವೇ ಹೌದು, ಆದರೆ ಕಾರ್ಖಾನೆಯಲ್ಲಿ ಬೆಳೆದದ್ದು. ಕವಡೆ ಕಾಸೂ ಹುಟ್ಟುವುದಿಲ್ಲ. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಪುಡಿಗೆ ಕೆಂಪು ಬಣ್ಣಕ್ಕೆಂದು ಚೂರು ಕ್ರೋಮಿಯಂ ಆಕ್ಸೈಡ್ ಬೆರೆಸಿ ಆಕ್ಸಿಜನ್-ಹೈಡ್ರೋಜನ್ ಜ್ವಾಲೆಯಲ್ಲಿ ಉದುರಿಸುತ್ತಾರೆ. ಸುಮಾರು 2050 ಡಿಗ್ರಿಯಲ್ಲಿ ಕರಗಿದ ಹನಿಗಳು ಕೆಳಗಿನ ಕಡ್ಡಿಯ ಮೇಲೆ ಕೂತು ಹರಳಾಗುತ್ತವೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನೊಯ್ 1902ರಲ್ಲಿ ಪ್ರಕಟಿಸಿದ ವಿಧಾನ. ವಾಚಿನ ಚಕ್ರಗಳ ಅಚ್ಚಿನ ತುದಿ, ಅಂದರೆ ಪಿವಟ್, ತಿರುಗುವುದು ಈ ಕಲ್ಲುಗಳ ತೂತಿನಲ್ಲಿ. ನನ್ನ ಮೇಜಿಗೆ ಬರುವ ವಾಚುಗಳಲ್ಲಿ ಉಕ್ಕಿನ ಪಿವಟ್ ಸವೆದಿರುತ್ತದೆ, ಕಲ್ಲು ಸವೆದದ್ದು ಅಪರೂಪ.

ಪ್ರಶ್ನೆ ಕೇಳಿದವರು: ಮೇಲಿನ ಗಾಜೂ ಇದೇ ಹರಳೇ?

ವಾಚು ರಿಪೇರಿಯವನು: ನಿಮ್ಮದು ಅಕ್ರಿಲಿಕ್ ಇರಬೇಕು, ಗೀರಿಗೆ ಪಾಲಿಶ್ ಸಾಕು. ದುಬಾರಿ ವಾಚುಗಳ ‘ಸಫೈರ್ ಗ್ಲಾಸ್’ ಮಾತ್ರ ಕ್ರೋಮಿಯಂ ಇಲ್ಲದ ಇದೇ ಹರಳು.

ಇನ್ನೊಬ್ಬರು: ಎಲ್‌ಇಡಿ ಚಿಪ್‌ಗಳ ಕೆಳಪದರವೂ ಹೆಚ್ಚಾಗಿ ಸಫೈರೇ.