ಕ್ಲೌಡ್‌ಗೆ ಹೋದ ಮೇಲೆ ಟಾಮ್‌ಕ್ಯಾಟ್ ನೋಡ್‌ಗಳಿಗೆ ಒಂದರ ಪರಿಚಯ ಇನ್ನೊಂದಕ್ಕಿಲ್ಲ

ಹಿಂಜವಡಿ ಫೇಸ್ 2:
ಪುಣೆಯಲ್ಲಿ ಸರ್ವರ್ ನೋಡಿಕೊಳ್ಳುವ ಕನ್ನಡದವರು ಯಾರಾದರೂ ಇದ್ದೀರಾ? ಚಾಕಣ್ ಕಡೆಯ ಕಾರ್ಖಾನೆಗಳಿಗೆ ಕ್ಯಾಂಟೀನ್ ಊಟ ಬುಕ್ ಮಾಡುವ ಆ್ಯಪ್ ನಮ್ಮದು. ಮೂರು ಟಾಮ್‌ಕ್ಯಾಟ್ ನೋಡ್ (ಜಾವಾ ಆ್ಯಪ್ ಓಡಿಸುವ ಸರ್ವರ್‌ಗಳು), ಮುಂದೆ ಬಳಕೆದಾರರನ್ನು ಅವುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್. ಆಫೀಸಿನ ಸರ್ವರ್ ರೂಮಿನಲ್ಲಿದ್ದಾಗ ಒಂದು ನೋಡ್ ನಿಲ್ಲಿಸಿದರೂ ಯಾರೂ ಲಾಗ್‌ಔಟ್ ಆಗುತ್ತಿರಲಿಲ್ಲ. ಈಗ ಮುಂಬೈ ರೀಜನ್‌ನ ಕ್ಲೌಡ್‌ನಲ್ಲಿದ್ದೇವೆ. ಕಾನ್ಫಿಗ್ ಅದೇ. ಆದರೆ ನೋಡ್ ರೀಸ್ಟಾರ್ಟ್ ಮಾಡಿದರೆ ಅದರಲ್ಲಿದ್ದವರೆಲ್ಲ ಮತ್ತೆ ಲಾಗಿನ್ ಆಗಬೇಕು. ಊಟದ ಹೊತ್ತಿಗೆ ಫೋನ್ ಮೇಲೆ ಫೋನ್! ಲಾಗ್‌ನಲ್ಲಿ ಎರರ್ ಇಲ್ಲ. ಒಂದು ನೋಡ್‌ನಿಂದ ಇನ್ನೊಂದರ 4000ನೇ ಪೋರ್ಟ್‌ಗೆ ಟೆಲ್ನೆಟ್ ಹೋಗುತ್ತದೆ, ಅಂದರೆ ಸಂಪರ್ಕ ಸಿಗುತ್ತದೆ.

ವಾಶಿ ವಾಸಿ:
ಸುಮ್ನೆ ಸೆಷನ್‌ಗಳನ್ನು (ಯಾರು ಲಾಗಿನ್ ಆಗಿದ್ದಾರೆ ಅನ್ನುವ ನೆನಪು) ರೆಡಿಸ್‌ಗೆ, ಅಂದರೆ ನೋಡ್‌ಗಳ ಹೊರಗಿನ ಒಂದೇ ಡೇಟಾ ಸ್ಟೋರ್‌ಗೆ ಹಾಕಿ. ಮುಗೀತು.

ಕೋಥ್ರೂಡ್ ಕಾಕಾ:
ರೆಡಿಸ್ ಆಮೇಲೆ ನೋಡೋಣ. ಮೊದಲು ಕಾಯಿಲೆ ಏನಂತ ತಿಳಿಯಲಿ.

ಟಾಮ್‌ಕ್ಯಾಟ್ ನೋಡ್‌ಗಳ ನಡುವೆ ಎರಡು ಬೇರೆ ಬೇರೆ ಮಾತುಕತೆ ನಡೆಯುತ್ತವೆ. ಒಂದು, ಹಾಜರಿ. ಪ್ರತಿ ನೋಡ್ 228.0.0.4 ವಿಳಾಸ, 45564 ಪೋರ್ಟ್‌ಗೆ ಮಲ್ಟಿಕಾಸ್ಟ್‌ನಲ್ಲಿ (ಒಂದೇ ಸಲ ಗುಂಪಿಗೆಲ್ಲ ಕೇಳಿಸುವಂತೆ) 500 ಮಿಲಿಸೆಕೆಂಡಿಗೊಮ್ಮೆ 'ಇದ್ದೇನೆ' ಅನ್ನುತ್ತದೆ. 3 ಸೆಕೆಂಡ್ ದನಿ ಬರದಿದ್ದರೆ ಉಳಿದವರು ಅದನ್ನು ಪಟ್ಟಿಯಿಂದ ತೆಗೆಯುತ್ತಾರೆ. ಇನ್ನೊಂದು, ಸೆಷನ್ ಸಾಗಣೆ. ಅದು ನೋಡ್‌ನಿಂದ ನೋಡ್‌ಗೆ ನೇರ ಟಿಸಿಪಿ ಸಂಪರ್ಕ, ನೀವು ಟೆಲ್ನೆಟ್ ಮಾಡಿದ 4000ನೇ ಪೋರ್ಟ್.

ನಿಮ್ಮ ಎರಡನೇ ದಾರಿ ಸರಿ ಇದೆ. ಆದರೆ ಹಾಜರಿಯೇ ಕೇಳಿಸದಿದ್ದರೆ ಯಾರಿಗೆ ಅಂತ ಕಳಿಸುತ್ತದೆ? ಕ್ಲೌಡ್ ನೆಟ್‌ವರ್ಕ್‌ಗಳು ಸಾಮಾನ್ಯವಾಗಿ ಮಲ್ಟಿಕಾಸ್ಟನ್ನು ಹಾಗೇ ಬಿಡುವುದಿಲ್ಲ. ಹಾಗಾಗಿ ಪ್ರತಿ ನೋಡ್‌ಗೂ ತಾನೊಬ್ಬನೇ ಕ್ಲಸ್ಟರ್ (ಗುಂಪು). ಒಬ್ಬನೇ ಇರುವುದು ತಪ್ಪಲ್ಲವಲ್ಲ, ಅದಕ್ಕೇ ಎರರ್ ಇಲ್ಲ.

ಸ್ಟ್ಯಾಟಿಕ್ ಮೆಂಬರ್‌ಶಿಪ್‌ಗೆ ಬದಲಿಸಿ. ಪ್ರತಿ ನೋಡ್‌ನಲ್ಲಿ ಉಳಿದೆರಡರ ಐಪಿ, ಪೋರ್ಟ್ ಬರೆಯಿರಿ. ನೋಡ್‌ನ ಗುರುತಾದ ಯೂನಿಕ್ ಐಡಿ 16 ಬೈಟ್ ಇರಬೇಕು. ಕಾಪಿ ಪೇಸ್ಟ್ ಮಾಡಿ ಮೂರಕ್ಕೂ ಒಂದೇ ಕೊಡಬೇಡಿ ಮಾರಾಯ್ರೇ.

ಹಿಂಜವಡಿ ಫೇಸ್ 2:
ಕಾಕಾ, ಕಾಣಿಸಿತು! ಮೂರೂ ಲಾಗ್‌ನಲ್ಲಿ ಮೆಂಬರ್ ಸೇರಿದ ಸಾಲು ಬಂತು. ದೀಪಾವಳಿ ಹೊತ್ತಿಗೆ ಎಂಟು ನೋಡ್ ಮಾಡುವ ಯೋಚನೆ ಇದೆ. ಹೀಗೇ ನಡೆಯುತ್ತದಾ?

ಕೋಥ್ರೂಡ್ ಕಾಕಾ:
ನಡೆಯುತ್ತದೆ, ಏದುಸಿರು ಬಿಡುತ್ತಾ. ಡಿಫಾಲ್ಟ್ ಡೆಲ್ಟಾ ಮ್ಯಾನೇಜರ್ ಸೆಷನ್‌ನ ಪ್ರತಿ ಬದಲಾವಣೆಯನ್ನೂ ಎಲ್ಲರಿಗೂ ಕಳಿಸುತ್ತದೆ. ಮೂರಿದ್ದರೆ ಎರಡು ಪ್ರತಿ, ಎಂಟಾದರೆ ಏಳು. ಬ್ಯಾಕಪ್ ಮ್ಯಾನೇಜರ್ ಹಾಕಿದರೆ ನಕಲು ಒಂದೇ ನೋಡ್‌ನಲ್ಲಿ ಇರುತ್ತದೆ. ಅದು ಎಲ್ಲಿದೆ ಅನ್ನುವುದಷ್ಟೇ ಉಳಿದವರಿಗೆ ಗೊತ್ತಿರುತ್ತದೆ. ಅಷ್ಟರಲ್ಲಿ ನೋಡ್‌ಗಳು ದಿನಾ ಹುಟ್ಟಿ ಸಾಯುವ ಆಟೋಸ್ಕೇಲಿಂಗ್ ಬಂದರೆ ಐಪಿ ಬರೆಯುತ್ತಾ ಕೂರಲು ಆಗಲ್ಲ. ಆಗ ವಾಶಿಯವರ ಮಾತೇ ಸರಿ.

ವಾಶಿ ವಾಸಿ:
ಒಪ್ಪಿಕೊಂಡರಲ್ಲ, ಸಾಕು 🙂 ಇನ್ನೊಂದು: ಲೋಡ್ ಬ್ಯಾಲೆನ್ಸರ್‌ನ ಸ್ಟಿಕಿ ಸೆಷನ್ (ಒಬ್ಬರ ಕ್ಲಿಕ್‌ಗಳೆಲ್ಲ ಒಂದೇ ನೋಡ್‌ಗೆ ಹೋಗುವುದು) ತೆಗೆಯಬೇಡಿ. ನಕಲು ಹೇಗೆ ಕಳಿಸಬೇಕು ಅನ್ನುವ ಚಾನೆಲ್ ಸೆಂಡ್ ಆಪ್ಷನ್ಸ್ ಡಿಫಾಲ್ಟ್ 8, ಅಂದರೆ ಅಸಿಂಕ್ರೊನಸ್. ನಕಲು ತಲುಪುವ ಮೊದಲೇ ಬಳಕೆದಾರನಿಗೆ ಉತ್ತರ ಹೋಗಿರುತ್ತದೆ. ಮುಂದಿನ ಕ್ಲಿಕ್ ಬೇರೆ ನೋಡ್‌ಗೆ ಬಿದ್ದರೆ ಈಗ ತಾನೇ ಸೇರಿಸಿದ ಚಪಾತಿ ಪಟ್ಟಿಯಲ್ಲಿ ಕಾಣದೇ ಇರಬಹುದು.