‘ಮ್ಯಾಗ್ನೆಟಿಕ್ ಟ್ರ್ಯಾಪ್’: ಬಲೆಯೋ, ತಗ್ಗೋ?

ಮಾನ್ಯರೇ,

ವಿಜಯಪುರದ ಪದವಿ ವಿದ್ಯಾರ್ಥಿಗಳಿಗಾಗಿ ಅತಿಶೀತಲ ಕ್ವಾಂಟಂ ಅನಿಲಗಳ ಕುರಿತು ಕನ್ನಡದಲ್ಲಿ ಪಾಠವೊಂದನ್ನು ಬರೆಯುತ್ತಿದ್ದು, ಅಂಥ ಅನಿಲದ ಪರಮಾಣುಗಳನ್ನು ಕಾಂತಕ್ಷೇತ್ರದಿಂದ ಒಂದೆಡೆ ಹಿಡಿದಿಡುವ ‘ಮ್ಯಾಗ್ನೆಟಿಕ್ ಟ್ರ್ಯಾಪ್’ ಎಂಬುದಕ್ಕೆ ಯಾವ ಪದ ತಕ್ಕುದೆಂದು ತಿಳಿದವರನ್ನು ಕೇಳಬಯಸುತ್ತೇನೆ.

‘ಕಾಂತೀಯ ಬಲೆ’ ಎಂದು ಬರೆದುಬಿಡುವುದು ಸುಲಭ. ಆದರೆ ಬಲೆಗೆ ಎಳೆಗಳುಂಟು, ಬೋನಿಗೆ ಸರಳುಗಳುಂಟು. ಇಲ್ಲಿ ಪರಮಾಣುವನ್ನು ತಡೆಯುವ ಗೋಡೆಯೇ ಇಲ್ಲ. ನಿರ್ವಾತ ಕೋಶದ ಸುತ್ತಲಿನ ವಿದ್ಯುತ್ ಸುರುಳಿಗಳು ನಡುವೆ ಕಾಂತಕ್ಷೇತ್ರ ಅತಿ ಕಡಿಮೆಯಿರುವ ಒಂದು ಜಾಗವನ್ನು ಉಂಟುಮಾಡುತ್ತವೆ. ಕ್ಷೇತ್ರ ಹೆಚ್ಚಿದಂತೆ ಯಾವ ಪರಮಾಣುಗಳ ಶಕ್ತಿಯೂ ಹೆಚ್ಚುವುದೋ ಅವು ಅಲ್ಲಿಗೆ ಸರಿದು ಉಳಿಯುತ್ತವೆ. ಪರಮಾಣುವಿನ ಸ್ಪಿನ್ (ಅದನ್ನು ಪುಟ್ಟ ಕಾಂತದಂತೆ ಮಾಡುವ ಗುಣ) ಮಗುಚಿದರೆ ಅದೇ ಕ್ಷೇತ್ರ ಪರಮಾಣುವನ್ನು ಹೊರಗೆ ನೂಕುತ್ತದೆ. ಕ್ಷೇತ್ರ ಪೂರ್ತಿ ಸೊನ್ನೆಯಾಗುವ ಬಿಂದುವಿನ ಬಳಿ ಹೀಗಾಗುವ ಸಂಭವ ಹೆಚ್ಚು. 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ರುಬಿಡಿಯಂ ಅನಿಲವನ್ನು ಬೋಸ್–ಐನ್‌ಸ್ಟೈನ್ ಸ್ಥಿತಿಗೆ (ಅತಿ ತಂಪಿನಲ್ಲಿ ಪರಮಾಣುಗಳು ಒಂದೇ ಕ್ವಾಂಟಂ ಸ್ಥಿತಿಗೆ ಬಂದು ಸೇರುವುದು) ಇಳಿಸಿದ ಭೌತವಿಜ್ಞಾನಿಗಳಾದ ಕಾರ್ನೆಲ್ ಮತ್ತು ವೀಮನ್ ಆ ಬಿಂದುವನ್ನೇ ವೃತ್ತಾಕಾರವಾಗಿ ಸುತ್ತಿಸಿ ಈ ಸೋರಿಕೆಯನ್ನು ತಡೆದರು. ಅದೇ ವರ್ಷ ಸೋಡಿಯಂ ಬಳಸಿ ಅದೇ ಸ್ಥಿತಿಯನ್ನು ಪಡೆದ ಭೌತವಿಜ್ಞಾನಿ ಕೆಟರ್ಲೆ, ಆ ಬಿಂದುವಿಗೆ ಲೇಸರ್ ಕಿರಣ ಹಾಯಿಸಿ ಪರಮಾಣುಗಳು ಅತ್ತ ಸುಳಿಯದಂತೆ ಮಾಡಿದರು.

ಈ ಕಾರಣದಿಂದ ನನಗೆ ನಮ್ಮ ಭಾಗದ ‘ತಗ್ಗು’ ಹೆಚ್ಚು ಸರಿಯೆನಿಸುತ್ತದೆ. ಹೊಲದ ತಗ್ಗಿನಲ್ಲಿ ಮಳೆನೀರು ಯಾರೂ ಹಿಡಿದಿಡದೆ ತಾನೇ ನಿಲ್ಲುವಂತೆ, ಪರಮಾಣುಗಳೂ ಶಕ್ತಿಯ ತಗ್ಗಿನಲ್ಲಿ ನಿಲ್ಲುತ್ತವೆ. ‘ಕಾಂತ ತಗ್ಗು’ ಎಂದರೆ ಮುಂದಿನ ವಿವರಣೆಯೂ ಸಲೀಸು. ಅಂಚಿನ ಎತ್ತರವನ್ನು ಮೆಲ್ಲಗೆ ಇಳಿಸುತ್ತ ಹೋದರೆ ಬಿಸಿಯಾದ ಪರಮಾಣುಗಳು ಹೊರಬಿದ್ದು ಉಳಿದವು ತಂಪಾಗುತ್ತವೆ. ಪರಮಾಣುಗಳು ಒಂದರ ಮೇಲೊಂದು ಬೀರುವ ಪ್ರಭಾವ, ಎಂದರೆ ‘ಇಂಟರಾಕ್ಷನ್’ಗೆ ‘ಅಂತರಕ್ರಿಯೆ’ ಎಂದೇ ಇಟ್ಟಿದ್ದೇನೆ. ಅದರ ಪರಿಣಾಮವೂ ತಗ್ಗಿನ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ: ರುಬಿಡಿಯಂ-87ರ ಪರಮಾಣುಗಳು ಒಂದನ್ನೊಂದು ವಿಕರ್ಷಿಸುವುದರಿಂದ (ದೂರ ತಳ್ಳುವುದರಿಂದ) ಅವುಗಳ ಮೋಡವು ತಗ್ಗಿನ ತಳದಲ್ಲಿ ಅಗಲವಾಗಿ ಉಬ್ಬಿಕೊಳ್ಳುತ್ತದೆ, ಲಿಥಿಯಂ-7ರಲ್ಲಿ ಆಕರ್ಷಣೆಯಿರುವುದರಿಂದ, ಭೌತವಿಜ್ಞಾನಿ ಹ್ಯುಲೆಟ್ ತಂಡದ ಪ್ರಯೋಗದಲ್ಲಿ ಪರಮಾಣುಗಳ ಸಂಖ್ಯೆ ಸಾವಿರದ ಆಸುಪಾಸಿಗೆ ಬರುವಷ್ಟರಲ್ಲಿ ಮೋಡ ಒಳಕ್ಕೆ ಕುಸಿಯುತ್ತಿತ್ತು. ಬಲೆ ಎಂದುಕೊಂಡವನಿಗೆ ಈ ಉಬ್ಬು, ಈ ಕುಸಿತ ಎರಡೂ ಬಲೆಯ ಎಳೆಗಳ ಕೆಲಸವೆಂದು ತೋರಬಹುದು.

ಅಡ್ಡಿಗಳೂ ಇವೆ. ದಕ್ಷಿಣದ ಓದುಗರಿಗೆ ‘ತಗ್ಗು’ ಎಂದೊಡನೆ ‘ಕಡಿಮೆಯಾಗು’ ಎಂಬ ಕ್ರಿಯಾಪದವೇ ಮೊದಲು ನೆನಪಾದೀತು. ಸುತ್ತಲಿಗಿಂತ ಶಕ್ತಿ ಕಡಿಮೆಯಿರುವ ಜಾಗ, ಎಂದರೆ ‘ಪೊಟೆನ್ಷಿಯಲ್ ವೆಲ್’ಗೆ ‘ವಿಭವ ಕೂಪ’ ಎಂದು ಬರೆಯುವುದಾದರೆ, ಒಂದೇ ಪಾಠದಲ್ಲಿ ಕೂಪವೂ ತಗ್ಗೂ ಬಂದು ಗೊಂದಲವಾದೀತೇ? ಅಲ್ಲದೆ ‘ಟ್ರ್ಯಾಪ್ಡ್’ ಪರಮಾಣುಗಳನ್ನು ‘ಸೆರೆಸಿಕ್ಕ’ ಎನ್ನುವ ಬದಲು ‘ತಗ್ಗಿನಲ್ಲಿ ನೆಲೆನಿಂತ’ ಎಂದರೆ ಒಪ್ಪುವುದೇ, ಅಥವಾ ಇದಕ್ಕಿಂತ ಚಿಕ್ಕದಾದ ಕ್ರಿಯಾಪದ ಬಳಕೆಯಲ್ಲಿದೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕು.