ಹಳೇ ಪಿಎಸ್4 ನೋಡಲು ಭಾನುವಾರ ಹೋಗುತ್ತಿದ್ದೇನೆ, ಏನೇನು ನೋಡಲಿ?

ಬಿಸಿಲೂರಿನವ (ಕಲಬುರಗಿ):
ನಮಸ್ಕಾರ್ರೀ. ಎಸ್ಸೆಸ್ಸೆಲ್ಸಿ ಪಾಸಾದರೆ ಪ್ಲೇಸ್ಟೇಷನ್ (ಟೀವಿಗೆ ಹಾಕಿ ಗೇಮ್ ಆಡುವ ಡಬ್ಬ, ಪಿಎಸ್ ಅಂತಾರಲ್ಲ ಅದು) ಕೊಡಿಸುತ್ತೇನೆ ಎಂದು ತಮ್ಮನಿಗೆ ಬಾಯಿತಪ್ಪಿ ಹೇಳಿದ್ದೆ. ಪಾಸಾಗಿಬಿಟ್ಟ! ಹೊಸ ಪಿಎಸ್5 ನನ್ನ ಕೈಗೆ ಎಟುಕಲ್ಲ. ಜಗತ್ ಸರ್ಕಲ್ ಹತ್ತಿರ ಒಬ್ಬರು ಪಿಎಸ್4 ಸ್ಲಿಮ್, 500 ಜಿಬಿ, ಎರಡು ಕಂಟ್ರೋಲರ್ ಸೇರಿ 12 ಸಾವಿರಕ್ಕೆ ಕೊಡುತ್ತಾರಂತೆ. "ಒಳಗೇ ನಲವತ್ತು ಗೇಮ್ ತುಂಬಿದ್ದೀನಿ, ಡಿಸ್ಕ್ ಖರ್ಚೇ ಇಲ್ಲ" ಅಂತಾರೆ. ತಗೋಬಹುದಾ?

ಸ್ಕ್ರೂಡ್ರೈವರ್ (ಬೀದರ್):
ತಮ್ಮಾ, ಆ ನಲವತ್ತು ಗೇಮ್ ಮಾತೇ ನನಗೆ ಸರಿ ಅನ್ನಿಸುತ್ತಿಲ್ಲ. 500 ಜಿಬಿಯಲ್ಲಿ ಸಿಸ್ಟಮ್‌ಗೆ ಹೋಗಿ 400 ಚಿಲ್ಲರೆ ಉಳಿಯುತ್ತದೆ. ಒಂದೊಂದು ದೊಡ್ಡ ಗೇಮ್ 40-50 ಜಿಬಿ ತಿನ್ನುತ್ತದೆ. ನೀನೇ ಲೆಕ್ಕ ಹಾಕು. ಇಲ್ಲಾ ಸಣ್ಣಪುಟ್ಟ ಆಟಗಳು, ಇಲ್ಲಾ ಸುಳ್ಳು. ಜೈಲ್‌ಬ್ರೇಕ್ ಮಾಡಿದ (ಕಂಪನಿಯ ಬೀಗ ಮುರಿದು ಕಳ್ಳ ಗೇಮ್ ಓಡಿಸುವ) ಪೀಸೂ ಆಗಿರಬಹುದು. ಅಲ್ಲೇ ನಿನ್ನ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ನಿನ್ನ ಪಿಎಸ್‌ಎನ್ (ಸೋನಿಯ ಪ್ಲೇಸ್ಟೇಷನ್ ಆನ್‌ಲೈನ್ ಜಾಲ) ಅಕೌಂಟಿನಿಂದ ಲಾಗಿನ್ ಮಾಡು. "ನೆಟ್ ಹಾಕಬೇಡಿ, ಅಪ್‌ಡೇಟ್ ಮಾಡಬೇಡಿ" ಎಂದರೆ ಎದ್ದು ಬಾ. ಅಪ್‌ಡೇಟ್ ಆದರೆ ಆ ಗೇಮ್ ಓಡಲ್ಲ. ಸೋನಿಯವರು ಬ್ಯಾನ್ ಮಾಡಿದ್ದರಂತೂ ಆನ್‌ಲೈನ್ ಆಟ ಪೂರ್ತಿ ಬಂದ್.

ಇನ್ನೊಂದು. ನಾನೂ 2022ರಲ್ಲಿ ಒಂದು ತಂದು ಕೈ ಸುಟ್ಟುಕೊಂಡವನೇ. ಅವರ ಮನೆಯಲ್ಲಿ ಐದು ನಿಮಿಷ ಚೆನ್ನಾಗಿ ಓಡಿತ್ತು. ನಮ್ಮನೆಯಲ್ಲಿ ಇಪ್ಪತ್ತನೇ ನಿಮಿಷಕ್ಕೆ ಫ್ಯಾನ್ ತೊಗರಿ ಮಿಲ್ಲಿನ ಹಾಗೆ ಕೂಗಿ ಆಫ್ ಆಯ್ತು. ಬಿಚ್ಚಿ ನೋಡಿದರೆ ಪವರ್ ಸಪ್ಲೈ ತುಂಬ ಜಿರಳೆ! ಸತ್ತವು, ಬದುಕಿದವು, ಮರಿ ಸಮೇತ. ಪಿಎಸ್4ನಲ್ಲಿ ಪವರ್ ಸಪ್ಲೈ ಒಳಗೇ ಇರುತ್ತದೆ, ಬೆಚ್ಚಗಿರುತ್ತದೆ, ಅವಕ್ಕೆ ಬಾಣಂತಿ ಕೋಣೆ ಸಿಕ್ಕ ಹಾಗೆ. ನನ್ನ ಹೆಂಡತಿ ಆ ಡಬ್ಬವನ್ನು ಮನೆಯೊಳಗೆ ಬಿಟ್ಟುಕೊಳ್ಳಲೇ ಇಲ್ಲ, ಜಾಲರಿ ಬಾಗಿಲ ಹೊರಗೇ ಇಟ್ಟು ರಿಪೇರಿ ಮಾಡಿದೆ.

ಅದಕ್ಕೇ ಟಾರ್ಚ್ ತಗೊಂಡು ಹೋಗು. ಗಾಳಿ ಕಿಂಡಿಗಳಲ್ಲಿ ಬೆಳಕು ಬಿಟ್ಟು ನೋಡು, ಮೂಗು ಹತ್ತಿರ ಹಿಡಿದು ವಾಸನೆ ನೋಡು. ಕನಿಷ್ಠ ಅರ್ಧ ಗಂಟೆ ಭಾರಿ ಗೇಮ್ ಒಂದನ್ನು ಡಿಸ್ಕಿನಿಂದಲೇ ಓಡಿಸು. ಡಿಸ್ಕ್ ಎರಡು ಮೂರು ಸಲ ಹಾಕಿ ತೆಗೆ. ಎಚ್‌ಡಿಎಂಐ ವೈರ್ ಸ್ವಲ್ಪ ಅಲ್ಲಾಡಿಸಿದರೆ ಟೀವಿ ಮಿಣುಕಬಾರದು. ಕಂಟ್ರೋಲರ್ ಕೆಳಗಿಟ್ಟು ಮೆನು ನೋಡು, ತಾನಾಗೇ ಜರುಗಿದರೆ ಡ್ರಿಫ್ಟ್ ಇದೆ.

ಭೀಮಾತೀರ (ಯಾದಗಿರಿ):
ಅಡ್ವಾನ್ಸ್ ಒಂದು ರೂಪಾಯಿನೂ ಹಾಕಬೇಡಿ. "ಮಿಲಿಟರಿಯಲ್ಲಿದ್ದೇನೆ, ವರ್ಗ ಆಗಿದೆ" ಎಂದು ಐಡಿ ಕಾರ್ಡ್ ಫೋಟೋ ಕಳಿಸಿದವನಿಗೆ ನಮ್ಮ ಕಾಕಾ ಎರಡು ಸಾವಿರ ಹಾಕಿ ಕೂತಿದ್ದಾರೆ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬಿಸಿಲೂರಿನವ (ಕಲಬುರಗಿ):
ಅಣ್ಣಾ, ಹೋಗಿ ಬಂದೆ. ಜಿರಳೆ ಕಾಣಲಿಲ್ಲ, ಫ್ಯಾನೂ ಸುಮ್ಮನಿತ್ತು. ಹಾಟ್‌ಸ್ಪಾಟ್ ಆನ್ ಮಾಡಿದ ಕೂಡಲೇ ಆ ಮನುಷ್ಯ "ನೆಟ್ ಯಾಕ್ರೀ, ಸುಮ್ನೆ ಆಡಿ ನೋಡ್ರಿ" ಎಂದು ಕಂಟ್ರೋಲರ್ ಕಸಿದುಕೊಂಡ. ಚಹಾ ಕೊಟ್ಟರು, ಕುಡಿದು ಎದ್ದು ಬಂದೆ. ಶಹಾಬಜಾರಿನಲ್ಲಿ ಇನ್ನೊಂದಿದೆ, 14 ಸಾವಿರ, ಮೂರು ಡಿಸ್ಕ್ ಜೊತೆಗೆ. ನಾಳೆ ಸಂಜೆ ಟಾರ್ಚ್ ಸಮೇತ ಹೋಗುತ್ತಿದ್ದೇನೆ. ತಮ್ಮನಿಗಿನ್ನೂ ಹೇಳಿಲ್ಲ.